ಸ್ವಲ್ಪ ದೂರ ಹೋಗಿ ನಿಂತವನು

ಮೊದಲು ಸಿಡುಕಿ ಕಚ್ಚಿತು. ಆಮೇಲೆ ಅವನು ಬಂದ. ಅದಾದ ಮೇಲೆ ಅವಳಿಗೆ ಸಿಟ್ಟು ಬಂತು. ಬೇಸಿಗೆ ರಜೆಯ ಮೊದಲ ಸೋಮವಾರ ಬೆಳಿಗ್ಗೆ ಘಟನೆಗಳು ನಡೆದದ್ದು ಇದೇ ಕ್ರಮದಲ್ಲಿ. ಪ್ರೀತಿ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ರಜೆ ಮುಗಿಯುವವರೆಗೂ ಅವಳಿಗೆ ತಿಳಿಯಲಿಲ್ಲ.

ದುಂಡು ಬೇಲಿಯ ಅಂಗಳದಲ್ಲಿ ಅವಳು ಎರಡೂ ಕೈಗಳಲ್ಲಿ ಜೀನು ಎತ್ತಿಕೊಂಡು ಸಿಡುಕಿ ಎಂಬ ಆ ಎಳೆಯ ಹೆಣ್ಣು ಕುದುರೆಯತ್ತ ನೇರವಾಗಿ ನಡೆಯುತ್ತಿದ್ದಳು. ಸಿಡುಕಿಯ ಕಿವಿಗಳು ಹಿಂದಕ್ಕೆ ಅಂಟಿಕೊಂಡಿದ್ದವು. ಬಾಲ ಚಾಟಿಯಂತೆ ಬೀಸುತ್ತಿತ್ತು.

"ಅಲ್ಲೇ ನಿಲ್ಲಿ!" ಎಂದಿತು ಬೇಲಿಯಾಚೆಯ ಧ್ವನಿ.

ಅವಳು ನಿಲ್ಲಲಿಲ್ಲ. ಮರುಕ್ಷಣ ಅವಳ ತೋಳಿನ ಬಟ್ಟೆ ಸಿಡುಕಿಯ ಹಲ್ಲಿನಲ್ಲಿತ್ತು, ಜೀನು ನೆಲದ ಮೇಲಿತ್ತು!

ಅಪರಿಚಿತನೊಬ್ಬ ಗೇಟು ತೆಗೆದು ನಿಧಾನವಾಗಿ ಒಳಗೆ ಬಂದ.

"ಅದರ ಕಿವಿ ನೋಡಿದ್ರಾ?"

"ಕಿವಿ ನೋಡ್ತಾ ಕೂತ್ರೆ ಜೀನು ಯಾರು ಹಾಕ್ತಾರೆ? ಅಷ್ಟಕ್ಕೂ ನೀವು ಯಾರು?"

ಅವನು ಸಿಡುಕಿಗೂ ಅವಳಿಗೂ ಒಟ್ಟಿಗೇ ಬೆನ್ನು ತಿರುಗಿಸಿ, ಸ್ವಲ್ಪ ದೂರ ಹೋಗಿ ನಿಂತುಬಿಟ್ಟ.

'ಅಬ್ಬಾ, ಎಂಥ ಸೊಕ್ಕು! ಮಾತಾಡಿಸುತ್ತಿರುವಾಗಲೇ ಬೆನ್ನು ತೋರಿಸುವುದೇ?'

ಆದರೆ ಅಷ್ಟರಲ್ಲಿ ಸಿಡುಕಿಯ ಒಂದು ಕಿವಿ ಅವನತ್ತ ತಿರುಗಿತ್ತು. ನಂತರ ಒಂದು ಕಾಲು... ಆಮೇಲೆ ಇನ್ನೊಂದು.

"ನೋಡ್ದೆಯೇನೇ?" ಸವಾರಿ ಶಾಲೆಯ ಕಚೇರಿ ಕಿಟಕಿಯಿಂದ ಅತ್ತೆ ಕೂಗಿದರು. ಶಾಲೆ ಅವರದೇ, ತಾಯಿತಂದೆಯಿಲ್ಲದ ಈ ಅಣ್ಣನ ಮಗಳನ್ನು ಸಾಕಿ, ಮಕ್ಕಳಿಗೆ ಸವಾರಿ ಕಲಿಸುವವಳನ್ನಾಗಿ ಮಾಡಿದವರೂ ಅವರೇ. "ಅವ್ರೇ ಕುದುರೆ ಪಳಗಿಸೋ ಹೊಸ ಮೇಷ್ಟ್ರು. ರಜೆ ಮುಗಿಯೋವರೆಗೂ ಇರ್ತಾರೆ. ಇಬ್ಬರು ಸಿಡುಕಿಯರು, ಒಬ್ಬರೇ ಮೇಷ್ಟ್ರು... ಪಾಪ!"

"ಅತ್ತೇ!"

ತಮಾಷೆಯ ಹಿಂದೆ ಒಂದು ಗಡುವಿತ್ತು. ತರಗತಿಗಳು ಮತ್ತೆ ಶುರುವಾಗುವ ಮೊದಲು ಸಿಡುಕಿ ಬೆನ್ನ ಮೇಲೆ ಸವಾರರನ್ನು ಒಪ್ಪದಿದ್ದರೆ ಅದನ್ನು ಮಾರಲೇಬೇಕೆಂದು ಅತ್ತೆ ಹೇಳಿಯಾಗಿತ್ತು. ಅವಳು ಬಾಲ್ಯದಿಂದ ಸವಾರಿ ಮಾಡಿದ್ದ ಕಂದು ಕುದುರೆ, ಸಿಡುಕಿಯ ತಾಯಿ, ಹಿಂದಿನ ವರ್ಷ ತೀರಿಕೊಂಡಿತ್ತು. ಅದು ಬಿಟ್ಟುಹೋದದ್ದು ಈ ಮರಿಯನ್ನು ಮಾತ್ರ. ಮಾರುವುದೇ?

ಹಾಗಾಗಿ ಸಿಟ್ಟನ್ನು ನುಂಗಿಕೊಂಡು ಕಲಿಯತೊಡಗಿದಳು.

ಮೇಷ್ಟ್ರು ಕಲಿಸುವ ರೀತಿಯಲ್ಲಿ ಆತುರವೆಂಬುದೇ ಇರಲಿಲ್ಲ. ಕುದುರೆಯ ಕಣ್ಣಿನ ಬಿಳಿ ಕಂಡರೆ ಹೆದರಿಕೆ. ಮೂಗಿನ ಹೊಳ್ಳೆ ಬಿಗಿದಿದ್ದರೆ ಅನುಮಾನ. ತಲೆ ತಗ್ಗಿಸಿ, ತುಟಿ ನೆಕ್ಕಿ, ಬಾಯಲ್ಲಿ ಏನೂ ಇಲ್ಲದಿದ್ದರೂ ಜಗಿದರೆ ಬಿಗಿತ ಬಿಡುತ್ತಿದೆಯೆಂದು ಅರ್ಥ. ಒಂದು ಹಿಂಗಾಲಿನ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತರೆ, ಓಡಿಹೋಗುವ ಯೋಚನೆ ಅದಕ್ಕಿಲ್ಲ.

"ಓಡೋಕೆ ನಾಲ್ಕೂ ಕಾಲು ಬೇಕಲ್ಲ ಮೇಡಂ. ಒಂದನ್ನ ಸಡಿಲ ಬಿಟ್ಟಿದೆ ಅಂದ್ರೆ, ನಮ್ಮನ್ನ ನಂಬಿದೆ."

"ಮತ್ತೆ ಅವತ್ತು ನೀವು ಬೆನ್ನು ತಿರುಗಿಸಿದ್ದು?"

"ನೇರವಾಗಿ ಮೈಮೇಲೆ ಹೋಗೋದು ಹುಲಿ. ನಾವು ತಿರುಗಿ, ಸ್ವಲ್ಪ ದೂರ ಹೋಗಿ ನಿಲ್ಲಬೇಕು. ಬರೋದು ಬಿಡೋದು ಅದರ ಇಷ್ಟ."

ಕುದುರೆಯ ವಿಷಯವಾದರೆ ಅವನ ಮಾತು ಹೊಳೆಯಂತೆ ಹರಿಯುತ್ತಿತ್ತು. ತನ್ನ ವಿಷಯ ಬಂದರೆ ಬಾಯಿಗೆ ಬೀಗ! ಒಮ್ಮೆ ಅವಳು ಚಹಾ ತಂದು ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕುಳಿತಳು. ಅವನು ಕಪ್ಪು ತೆಗೆದುಕೊಂಡು, ಕಿವಿಯವರೆಗೂ ಕೆಂಪಾಗಿ, ಬೆಂಚಿನ ಇನ್ನೊಂದು ತುದಿಗೆ ಸರಿದು ಪಕ್ಕಕ್ಕೆ ತಿರುಗಿ ಕುಳಿತ.

ಇನ್ನೊಮ್ಮೆ ಅವಳ ಕೂದಲಿಗೆ ಅಂಟಿದ್ದ ಹುಲ್ಲಿನ ಎಳೆ ತೆಗೆಯಲು ಅವನ ಕೈ ಮೇಲೆದ್ದಿತು. ಅವಳ ಉಸಿರು ನಿಂತಂತಾಯಿತು... ಕೈ ಅರ್ಧಕ್ಕೇ ಇಳಿಯಿತು. "ಹುಲ್ಲಿದೆ, ಅಲ್ಲಿ," ಎಂದಷ್ಟೇ ಹೇಳಿ, ಲಾಯದ ಬಾಗಿಲವರೆಗೆ ಹೋಗಿ ನಿಂತುಕೊಂಡ.

'ನನ್ನನ್ನು ಕಂಡರೆ ಆಗುವುದಿಲ್ಲ, ಅಷ್ಟೇ. ಹೇಳಲಾರದೆ ದೂರ ಸರಿಯುತ್ತಾನೆ.'

ಸಿಡುಕಿಯ ಕಿವಿಯ ತುದಿ ಅಲುಗಿದರೂ ಅರ್ಥ ಹೇಳಬಲ್ಲವಳಾಗಿದ್ದಳು ಅವಳು, ಅಷ್ಟು ಹೊತ್ತಿಗೆ. ಆ ಕೆಂಪು ಕಿವಿಗಳ ಅರ್ಥ ಮಾತ್ರ ಅವಳಿಗೆ ಹೊಳೆಯಲಿಲ್ಲ.

ರಜೆಯ ಕೊನೆಯ ಶನಿವಾರ ಸಂಜೆ ಸಿಡುಕಿ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡಿತು! ಅಂಗಳವನ್ನು ಒಂದು ಸುತ್ತು ಬಂದು, ತಲೆ ತಗ್ಗಿಸಿ, ಬಾಯಿ ಜಗಿಯುತ್ತ ನಿಂತಿತು. ಕಿಟಕಿಯಲ್ಲಿ ಅತ್ತೆಯ ಚಪ್ಪಾಳೆ ಕೇಳಿಸಿತು. "ಇನ್ನು ಮಾರೋ ಮಾತೇ ಇಲ್ಲ ಕಣೇ!"

ಅವಳು ಜಾರಿ ಇಳಿದು, ನಗುತ್ತ ಅಳುತ್ತ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡಳು.

"ಉಳೀತು ಮೇಷ್ಟ್ರೇ... ನಿಮ್ಮಿಂದ!"

ಅವನು ಕಲ್ಲಿನಂತೆ ನಿಂತ. ನಂತರ ಮೆಲ್ಲನೆ ಕೈ ಬಿಡಿಸಿಕೊಂಡು, ಬೆನ್ನು ತಿರುಗಿಸಿ, ಬೇಲಿಯವರೆಗೆ ನಡೆದ.

ಅವಳ ನಗು ಮುಖದಲ್ಲೇ ಹೆಪ್ಪುಗಟ್ಟಿತು.

"ಅರ್ಥ ಆಯ್ತು," ಎಂದಳು. "ನಿಮ್ಮ ಕೆಲಸ ಮುಗೀತಲ್ಲ. ನಾಳೆನೇ ಹೊರಡಬಹುದು."

ಬೇಲಿಯ ಕಡೆಯಿಂದ ಒಂದೇ ಮಾತು ಬಂತು. "ಸರಿ."

ಭಾನುವಾರ ಬೆಳಿಗ್ಗೆ ಅವಳು ಅಂಗಳಕ್ಕೆ ಬಂದಾಗ ಕಣ್ಣು ಊದಿತ್ತು. ಸಿಡುಕಿ ಆಚೆ ತುದಿಯಲ್ಲಿ ನಿಂತು ಅವಳನ್ನೇ ದಿಟ್ಟಿಸಿತು.

"ನೋಡ್ಬೇಡ ಕಣೇ ನನ್ನ. ಚೆನ್ನಾಗಿಲ್ಲ ನಾನಿವತ್ತು."

ಅಳು ಮತ್ತೆ ಉಕ್ಕಿತು. ಕುದುರೆಯ ಮುಂದೆ ಅಳಬಾರದೆಂದು ಬೆನ್ನು ತಿರುಗಿಸಿ, ಬೇಲಿಯವರೆಗೆ ಹೋಗಿ ನಿಂತಳು.

ಹಿಂದೆ ಗೊರಸಿನ ಸದ್ದು. ಒಂದು... ಇನ್ನೊಂದು... ಬೆಚ್ಚಗಿನ ಉಸಿರು ಅವಳ ಭುಜಕ್ಕೆ ತಾಗಿತು.

ಅವಳು ಅಲುಗಲಿಲ್ಲ. ತಾನು ಕರೆದಿರಲಿಲ್ಲ, ಕೈ ಚಾಚಿರಲಿಲ್ಲ. ಬೆನ್ನು ತಿರುಗಿಸಿ, ಸ್ವಲ್ಪ ದೂರ ಹೋಗಿ ನಿಂತಿದ್ದಳು. ಅಷ್ಟೇ...

ಬೆಂಚಿನ ತುದಿ. ಲಾಯದ ಬಾಗಿಲು. ನಿನ್ನೆ ಸಂಜೆಯ ಬೇಲಿ.

'ಅಯ್ಯೋ! ಅವನು ಒಮ್ಮೆಯೂ ಹೊರಟುಹೋಗಿರಲಿಲ್ಲ. ಪ್ರತಿ ಸಲವೂ ನಿಂತಿದ್ದ. ನಾನೇ ಒಂದು ಹೆಜ್ಜೆ ಇಡಲಿಲ್ಲ!'

ಅವಳು ಓಡಿದಳು. ಮೇಷ್ಟ್ರ ಕೋಣೆ ಖಾಲಿಯಾಗಿತ್ತು, ಹಾಸಿಗೆ ಮಡಿಸಿಟ್ಟಿತ್ತು.

"ಅತ್ತೇ, ಮೇಷ್ಟ್ರು ಹೋಗಿಬಿಟ್ರಾ?"

"ಎಲ್ಲಿಗೆ ಹೋಗ್ತಾರೆ?" ಅತ್ತೆ ಕನ್ನಡಕ ಒರೆಸುತ್ತ ಹೇಳಿದರು. "ಆವಾಗಿಂದ ಗೇಟ್ ಹತ್ರ ಕಂಬದ ಹಾಗೆ ನಿಂತಿದಾರೆ. ಬಸ್ಸು ಬಂತು, ಹೋಯ್ತು. ಇನ್ನೊಂದೂ ಬಂತು, ಹೋಯ್ತು. ಗೇಟಿಗೆ ಹೊಸ ಕಾವಲುಗಾರ ಸಿಕ್ಕಿದ ಅನ್ಕೊಂಡೆ."

ಗೇಟಿನಾಚೆ ಅವನು ಚೀಲ ಹೆಗಲಿಗೇರಿಸಿ, ಬೆನ್ನು ತಿರುಗಿಸಿ ನಿಂತಿದ್ದ. ಅವಳು ಹತ್ತಿರ ಹೋಗಿ ಅವನ ಭುಜದ ಮೇಲೆ ಕೈಯಿಟ್ಟಳು.

"ನಾನೇನು ಕುದುರೆನಾ ಮೇಷ್ಟ್ರೇ?"

ಅವನು ತಿರುಗಲಿಲ್ಲ. "ಅಲ್ಲ. ಕುದುರೆಗಾದ್ರೆ ನಾನು ಇಷ್ಟು ಹೆದರ್ತಿರ್ಲಿಲ್ಲ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಸಿಡುಕಿಗೆ ಮಾತು ಬರಲ್ಲ, ಸರಿ. ನಿಮಗೂ ಬರಲ್ವಾ?"

"ಸಿಡುಕಿನ ಉಳಿಸ್ಕೊಳ್ಳೋಕೆ ನಿಮಗೆ ನನ್ನ ಸಹಾಯ ಬೇಕಿತ್ತು. ಅಂಥ ಹೊತ್ತಲ್ಲಿ ನಾನು ಕೇಳಿದ್ರೆ, ಬೇಡ ಅನ್ನೋಕೆ ನಿಮಗೆ ಜಾಗ ಎಲ್ಲಿರ್ತಿತ್ತು?" ಅವನು ತಡವರಿಸಿದ. "ಜಾಗ ಬಿಡೋದೊಂದೇ ನನಗೆ ಗೊತ್ತಿರೋದು..."

ಅವಳ ಕಣ್ಣು ತುಂಬಿಬಂತು. ಆದರೂ ಒಂದು ಪ್ರಶ್ನೆ ಉಳಿದಿತ್ತು.

"ನಿನ್ನೆ ಸಿಡುಕಿ ಉಳಿದಾಗಿತ್ತಲ್ಲ? ನಾನೇ ಬಂದು ಕೈ ಹಿಡಿದೆ. ಆಗ್ಲೂ ಹೋದ್ರಿ!"

"ಅದು... ಅಳು ಬಂದಿತ್ತು. ಮೇಷ್ಟ್ರು ಅಳೋದು ಚೆನ್ನಾಗಿರುತ್ತಾ?"

ಅಳುತ್ತಲೇ ಅವಳಿಗೆ ನಗು ಬಂತು. "ತಿರುಗಿ ಈ ಕಡೆ."

ಅವನು ತಿರುಗಿದ. ಕಿವಿಗಳು ಕೆಂಡದಂತೆ ಕೆಂಪಾಗಿದ್ದವು. ಈ ಸಲ ಅವಳು ಸರಿಯಾಗಿ ಓದಿದಳು.

"ನಂಗೆ ನೀವಂದ್ರೆ ಇಷ್ಟ. ಈಗ ನೀವು ಹೇಳಿ. ಮಾತಲ್ಲಿ!"

"ನಂಗೂ... ಮೊದಲ ದಿನದಿಂದ. ಜೀನು ಬಿದ್ದಾಗಿನಿಂದ, ಮೇಡಂ."

"ಇನ್ನೂ ಮೇಡಮ್ಮಾ?"

"...ನೀನು." ಆ ಒಂದು ಮಾತಿಗೆ ಅವನ ಉಸಿರೆಲ್ಲ ಖರ್ಚಾಯಿತು. "ನೀನು ಇರು ಅಂದ್ರೆ ಇರ್ತೀನಿ."

"ಇರು."

ಅವನ ಹೆಗಲಿನಿಂದ ಚೀಲ ಜಾರಿತು. ಅವರಿಬ್ಬರ ನಡುವೆ ಇದ್ದ ಜಾಗವನ್ನು ಇಬ್ಬರೂ ಒಟ್ಟಿಗೇ ದಾಟಿದರು.

ಬೇಲಿಯ ಪಕ್ಕದಲ್ಲಿ ಸಿಡುಕಿ ತಲೆ ತಗ್ಗಿಸಿ ನಿಂತಿತ್ತು. ಬಾಯಿ ಸುಮ್ಮನೆ ಜಗಿಯುತ್ತಿತ್ತು. ಒಂದು ಹಿಂಗಾಲು ಸಡಿಲವಾಗಿತ್ತು.

ಅಲ್ಲಿ ಯಾರಿಗೂ ಓಡಿಹೋಗುವ ಯೋಚನೆ ಇರಲಿಲ್ಲ.