ಎರಡನೆಯ ಶಿಖರದ ಪಡುವಣ ಇಳಿಜಾರು

ಮರುದಿನ ನಲವತ್ತೆರಡು ಮಂದಿ ಒಂದೇ ಹಗಲಿನಲ್ಲಿ ನಾಲ್ಕು ಶಿಖರ ದಾಟುವವರಿದ್ದರು. ದಾರಿ ಹೇಗಿದೆಯೆಂದು ನಡೆದು ನೋಡಿ, ಸಂಜೆ ಐದರೊಳಗೆ ಚಾರಣದ ಕಚೇರಿಗೆ ಹೇಳಬೇಕಾದವಳು ಪುಟ್ಟಿ. ಇಪ್ಪತ್ತಾರು ತುಂಬಿದ್ದರೂ ಸೋದರಮಾವನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಮೂವತ್ತು ವರ್ಷ ಈ ದಾರಿ ನೋಡಿಕೊಂಡ ಮಾವ ಈ ಸಲ ವರದಿಯ ಪುಸ್ತಕವನ್ನು ಅವಳ ಕೈಗೆ ಕೊಟ್ಟಿದ್ದರು. ಅವಳ ಮಾತು ತಪ್ಪಾದರೆ ಯಾರದಾದರೂ ಪ್ರಾಣಕ್ಕೇ ಕುತ್ತು ಬರುತ್ತಿತ್ತು.

ನಸುಕಿನಲ್ಲೇ ಇಬ್ಬರೂ ಪಡುವಣ ತುದಿಯಿಂದ ಹೊರಟರು. ಮೊದಲ ಶಿಖರ ಸಲೀಸು. ಎರಡನೆಯದನ್ನು ಏರುವಾಗ ನೆರಳಲ್ಲಿದ್ದ ಮಣ್ಣು ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಕಾಂಕ್ರೀಟಿನ ಹಾಗೆ ಗಟ್ಟಿಯಾಗಿತ್ತು. ‘ಸುಗಮ’ ಎಂದು ಬರೆದಳು. ಹನ್ನೊಂದಕ್ಕೆಲ್ಲ ನಾಲ್ಕನೆಯ ಶಿಖರವೂ ಮುಗಿದು, ಕೆಳಗೆ ರಸ್ತೆ ಕಂಡಿತು.

"ಹನ್ನೆರಡಕ್ಕೆ ಬಸ್ಸಿದೆ ಮಾವ. ನೋಡೋದೆಲ್ಲ ಆಯ್ತಲ್ಲ."

"ನಾಳೆ ಬರೋರು ಎಲ್ಲಿಂದ ಹತ್ತುತ್ತಾರೆ?"

"ಇಲ್ಲಿಂದ, ಈ ಮೂಡಣ ಕಡೆಯಿಂದ."

"ಮತ್ತೆ? ಅವರು ಬರೋ ಕಡೆಯಿಂದಾನೂ ನೋಡಬೇಡ್ವಾ?"

ಪುಟ್ಟಿಯ ಮುಖ ಚಿಕ್ಕದಾಯಿತು. ನಡೆದು ನಡೆದು ಕಾಲು ಪದ ಹೇಳುತ್ತಿತ್ತು. ಸಿಟ್ಟಿನಲ್ಲೇ ಬಂದ ದಾರಿಯಲ್ಲಿ ಮಾವನ ಹಿಂದೆ ಹೊರಟಳು. ಆದರೂ ಈ ಮನುಷ್ಯನ ನಡಿಗೆ ನೋಡಿದರೆ ಸಿಟ್ಟು ಹೇಗೆ ನಿಂತೀತು? ಅರವತ್ತು ದಾಟಿದ ಮಾವ ಕಲ್ಲಿಂದ ಕಲ್ಲಿಗೆ ಒಂದಿಷ್ಟೂ ಸದ್ದಿಲ್ಲದೆ ಹೋಗುತ್ತಿದ್ದರು. ಪ್ರತಿ ಕಲ್ಲನ್ನೂ ಪಾದದಿಂದ ಮೆಲ್ಲಗೆ ಅಲುಗಿಸಿ, ಆಮೇಲೆ ಭಾರ ಹಾಕುತ್ತಿದ್ದರು. ಸುತ್ತ ಮುಗಿಲು ಕೆಳಗಿಳಿದು ಬೆಟ್ಟದ ತಲೆಗಳಷ್ಟೇ ಕಾಣುತ್ತಿದ್ದವು. ಕಣಿವೆಯ ಎಲ್ಲೋ ಆಳದಲ್ಲಿ ನೀರು ಓಡುವ ಸದ್ದು. ಎಷ್ಟು ಚಂದವಪ್ಪಾ ಅನ್ನಿಸಿ ಪುಟ್ಟಿ ಬಸ್ಸನ್ನೇ ಮರೆತಳು.

ಎರಡನೆಯ ಶಿಖರಕ್ಕೆ ಬಂದಾಗ ಎರಡೂವರೆ. ಬಿಸಿಲು ಪಡುವಣ ಇಳಿಜಾರಿಗೆ ನೇರವಾಗಿ ಬಿದ್ದಿತ್ತು. ಮಾವ ಸುಮ್ಮನೆ ಹಗ್ಗ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿದರು.

"ಇದಕ್ಕೂ ಹಗ್ಗ ಬೇಕಾ? ಬೆಳಿಗ್ಗೆ ಓಡಿಕೊಂಡು ಹತ್ತಿದ್ವಿ."

"ಕಟ್ಟಿದ್ರೆ ಏನು ಗಂಟು ಹೋಗುತ್ತೆ? ನಡಿ."

ನಾಲ್ಕು ಹೆಜ್ಜೆ. ಐದನೆಯದು ಮಣ್ಣಿನೊಳಗೆ ಹೂತಿತು.

ಇಳಿಜಾರೇ ಜಾರಿತು.

ಕಲ್ಲು, ಕೆಸರು, ಪುಟ್ಟಿ ಎಲ್ಲ ಒಟ್ಟಿಗೇ ಹೊರಟವು. ಕೈಗೆ ಸಿಕ್ಕಿದ್ದೆಲ್ಲ ಕಿತ್ತು ಬಂತು. ಹಗ್ಗ ಬಿಗಿಯಾಗಿ ಸೊಂಟ ಹಿಂಡಿತು. ಅವಳು ನಿಂತಳು. ತಲೆಯಷ್ಟು ದಪ್ಪದ ಕಲ್ಲುಗಳು ಪಕ್ಕದಲ್ಲೇ ಉರುಳಿ ಕಣಿವೆಗೆ ಬಿದ್ದವು.

ಮೇಲೆ ಮಾವ ಬಂಡೆಗೆ ಕಾಲೊತ್ತಿ ಕೂತಿದ್ದರು. "ಉಸಿರಾಡು. ಎಡಗಡೆ ಬಂಡೆ ಇದೆ, ಅದನ್ನ ಹಿಡಿ."

ಬಂಡೆಯಿಂದ ಬಂಡೆಗೆ ದಾಟಿ ಕೆಳಗಿಳಿಯಲು ಒಂದೂಕಾಲು ಗಂಟೆ ಹಿಡಿಯಿತು.

"ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಹೋದ ವರ್ಷ ಪೊದೆ ಇತ್ತು, ಬೇರು ಮಣ್ಣು ಹಿಡಿದಿತ್ತು. ಈಗ ಬೋಳು. ಬಿಸಿಲಿಗೆ ಹೆಪ್ಪು ಕರಗಿದ್ರೆ ಹಿಡಿಯೋಕೆ ಏನೂ ಇಲ್ಲ."

ಪುಟ್ಟಿಗೆ ನಾಚಿಕೆಯಾಯಿತು. ನಾಳೆ ನಲವತ್ತೆರಡು ಮಂದಿ ಇದೇ ಹೊತ್ತಿಗೆ ಇದೇ ಇಳಿಜಾರಿಗೆ ಬರುವವರಿದ್ದರು. ‘ಸುಗಮ’ ಹೊಡೆದುಹಾಕಿ ಬರೆದಳು: ‘ಬೆಳಿಗ್ಗೆ ಒಂಬತ್ತರ ನಂತರ ಕಾಲಿಡುವಂತಿಲ್ಲ.’

ಫೋನ್ ಸಿಗುವ ಜಾಗಕ್ಕೆ ಬಂದಾಗ ಐದಕ್ಕೆ ಹತ್ತು ನಿಮಿಷ. ಕಚೇರಿಯ ಮೇಲ್ವಿಚಾರಕರು ಗೊಣಗಿದರು. "ಬಸ್ಸೆಲ್ಲ ಮೂಡಣ ಕಡೆಗೆ ಗೊತ್ತುಮಾಡಿದೀವಮ್ಮ. ‘ಎಚ್ಚರಿಕೆ’ ಅಂತ ಹಾಕಿದ್ರೆ ಸಾಲದಾ?"

"ಸಾಲದು ಸಾರ್. ಪಡುವಣದಿಂದ ನಸುಕಲ್ಲೇ ಹತ್ತಿಸಿ. ಇಲ್ಲಾಂದ್ರೆ ಬೇಡ."

"ಒಂದ್ಸಲ ನಿಮ್ಮ ಮಾವನಿಗೆ ಫೋನ್ ಕೊಡಮ್ಮ."

ಅವಳು ಫೋನ್ ಚಾಚಿದಳು. ಬೂಟಿನಿಂದ ಕೆಸರು ಕೆರೆಯುತ್ತಿದ್ದ ಮಾವ ಕೈ ಒಡ್ಡಲೇ ಇಲ್ಲ. ಆ ಕಡೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು: "ವರದಿ ಅವಳದು. ನನ್ನನ್ನೇನು ಕೇಳೋದು?"

ಫೋನಿನಲ್ಲಿ ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡರು.

"ಆಯ್ತು, ಪಡುವಣದಿಂದಲೇ ಕಳಿಸ್ತೀವಿ. ಎಷ್ಟು ಗಂಟೆಗೆ ಹೊರಡಿಸಲಿ ಮೇಡಂ?"

"ಬೆಳಿಗ್ಗೆ ಐದಕ್ಕೆ," ಅಂದಳು ಪುಟ್ಟಿ.