ಪಕ್ಕೆಲುಬಿನ ಮೂರು ಗಂಟು

ಒಂಬತ್ತು ತಿಂಗಳ ಚನ್ನುವಿನ ತೊಡೆಮೂಳೆ ಮುರಿದಿತ್ತು. ಇನ್ನೂ ಹೆಜ್ಜೆಯಿಡದ ಕೂಸು—ಇಂಥ ಪೆಟ್ಟು ಹೇಗೆ ಬಿತ್ತು? ಸಿಂಧನೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ಓದುವ ಡಾಕ್ಟರ್ ಶಿವಕುಮಾರಿ ಪೊಲೀಸರಿಗೆ ತಿಳಿಸಿದರು. ಕೂಸಿನ ಎಲ್ಲ ಮೂಳೆಗಳ ಚಿತ್ರ ತೆಗೆಸಿದರು.

ಸಬ್‌ಇನ್‌ಸ್ಪೆಕ್ಟರ್ ಆಂಜನೇಯ ಬರುತ್ತಲೇ ಅಪ್ಪ ಶಿವಕಾಂತ ದೂರಿದ.

"ಬಾಜೂ ಮನಿ ರಾಜಾಬೀನ ಬೀಳಿಸ್ಯಾಳ್ರೀ! ನಾವು ಮಸ್ಕಿ ಬಿಟ್ಟು ಇಲ್ಲಿಗೆ ಬಂದು ಎಂಟು ದಿನ ಆತು. ನಾವು ಅಂಗಡಿಗೆ ಹೋದಾಗ ಕೂಸಿನ್ನ ಆಕಿನ ನೋಡ್ಕೋತಾಳ."

ಬಾಗಿಲಲ್ಲಿ ನಿಂತಿದ್ದ ರಾಜಾಬೀ ಒಳಗೆ ಬಂದಳು. "ಖುದಾ ಕಸಂ ಸಾಹೇಬ್ರ, ಮುಂಜಾನೆ ಕೂಸು ಅಳ್ಕೋಂತನ ಬಂತು. ಕಾಲು ಮುಟ್ಟಾಕ ಕೊಡಲಿಲ್ಲ."

"ತಂದು ಬಿಟ್ಟವರು ಯಾರು?"

"ಇವರ."

"ಸುಳ್ಳು!" ಎಂದ ಶಿವಕಾಂತ.

ಶಿವಕುಮಾರಿ ಕಂಪ್ಯೂಟರ್ ಪರದೆಯ ಕಡೆ ತಿರುಗಿದರು. ಬೆನ್ನುಮೂಳೆಯ ಪಕ್ಕ, ಮೂರು ಪಕ್ಕೆಲುಬುಗಳ ಮೇಲೆ ಪುಟ್ಟ ಗಂಟುಗಳು—ಮುರಿದು ಕೂಡಿಕೊಂಡ ಗುರುತು.

"ಹಿಂದ ಎಕ್ಸ್‌ರೇ ತೆಗೆಸಿದ್ದೇನವ್ವಾ?" ಎಂದು ತಾಯಿ ಅಶ್ವಿನಿಯನ್ನು ಕೇಳಿದರು.

"ಹೌದ್ರೀ, ತಿಂಗಳಾತು. ನನಗ ಲಿಂಗಸುಗೂರಾಗ ಆಪರೇಷನ್ ಆಗಿತ್ತು. ಹದಿನೈದು ದಿನ ಅಲ್ಲೇ ತವರಾಗ ಇದ್ದೆ, ಕೂಸು ಮಸ್ಕಿಯಾಗ ಇತ್ತು. ಆಮ್ಯಾಲ ಇವರು ಕೂಸಿನ್ನ ಅಲ್ಲಿಗೆ ಕರ್ಕೊಂಡು ಬಂದಾಗ ಉಸಿರಿಗೊಮ್ಮೆ ನರಳಾಕತ್ತಿತ್ತು. ಎದಿ ಫೋಟೋ ತೆಗೆಸಿದ್ವಿ. ಏನೂ ಇಲ್ಲ ಅಂದ್ರು."

ಲಿಂಗಸುಗೂರಿನ ಆ ಸಣ್ಣ ದವಾಖಾನೆಯ ಎಕ್ಸ್‌ರೇಗಳು ಓದಲು ಬರುತ್ತಿದ್ದುದು ಶಿವಕುಮಾರಿಯವರ ಕಂಪ್ಯೂಟರಿಗೇ. ಹುಡುಕಿದರು. ಸಿಕ್ಕಿತು. 'ಶ್ವಾಸಕೋಶ ಸರಿಯಿದೆ'—ಕೆಳಗೆ ಅವರದೇ ಸಹಿ. ಚಿತ್ರದಲ್ಲಿ ಅವೇ ಮೂರು ಗಂಟುಗಳು, ಇನ್ನೂ ಎಳೆಯವು. ಅವರು ಪರದೆಯನ್ನು ಆಂಜನೇಯನ ಕಡೆ ತಿರುಗಿಸಿದರು.

"ಸಾಹೇಬ್ರ, ಅವತ್ತು ನಾನು ಶ್ವಾಸಕೋಶ ಅಷ್ಟ ನೋಡಿದೆ, ಎಲುಬು ನೋಡಲಿಲ್ಲ. ಮುರಿದ ಕಡೆ ಹೊಸ ಎಲುಬು ಕಾಣಾಕ ವಾರ, ಹತ್ತು ದಿನ ಬೇಕು. ಅಂದ್ರ ಈ ಫೋಟೋಕ್ಕಿಂತ ಹತ್ತು ದಿನದ ಆಸುಪಾಸು ಮೊದಲ ಮುರಿದಾವ. ಆಗ ರಾಜಾಬೀಗೆ ಈ ಕೂಸಿನ ಗುರ್ತನ ಇರಲಿಲ್ಲ. ತಾಯಿ ಲಿಂಗಸುಗೂರಾಗ ಇದ್ದಳು."

"ಬಿದ್ದು ಮುರಿದಿರಬಹುದಲ್ರೀ?" ಎಂದ ಆಂಜನೇಯ.

"ಬಿದ್ರ ಬೆನ್ನಿನ ಕಡೆ ಹಿಂಗ ಸಾಲಾಗಿ ಮುರಿಯಂಗಿಲ್ಲ. ಎರಡೂ ಕೈಲೆ ಎದಿ ಹಿಡಿದು ಹಿಚುಕಿದಾಗ ಮುರೀತಾವ." ಅವರು ಮೆಲ್ಲಗೆ ತಿರುಗಿದರು. "ಆ ಹದಿನೈದು ದಿನ ಕೂಸಿನ ಸಂಗಡ ಮನ್ಯಾಗ ಯಾರಿದ್ರು, ಶಿವಕಾಂತ?"

ಅಶ್ವಿನಿಯೇ ಉತ್ತರ ಕೊಟ್ಟಳು. "ಇವರೊಬ್ಬರ."

ಶಿವಕಾಂತ ಗೋಡೆಯ ಕಡೆ ಮುಖ ತಿರುಗಿಸಿದ. "ಅಳೋದು ನಿಲ್ಲಿಸಲಿಲ್ರೀ... ಇವತ್ತೂ ಹಂಗ. ಕಾಲು ಹಿಡಿದು ಎಳೆದುಬಿಟ್ಟೆ."

ಪೇದೆ ಅವನನ್ನು ಹೊರಗೆ ಕರೆದೊಯ್ದ. ಅಶ್ವಿನಿ ರಾಜಾಬೀಯ ಭುಜಕ್ಕೆ ಮುಖ ಒತ್ತಿ ಬಿಕ್ಕಿದಳು. ಶಿವಕುಮಾರಿ ವರದಿ ಬರೆಯತೊಡಗಿದರು.

ಆಂಜನೇಯ ದನಿ ತಗ್ಗಿಸಿದ. "ನೀವು ನೋಡದೆ ಬಿಟ್ಟದ್ದೂ ಬರೀತೀರೇನ್ರೀ? ಕೋರ್ಟಿನ್ಯಾಗ ನಿಮ್ಮನ್ನ ಬಿಡಂಗಿಲ್ಲ."

"ಕೇಳಲಿ ಬಿಡ್ರೀ. ನಾನು ಅವತ್ತ ಸರಿಯಾಗಿ ನೋಡಿದ್ರ, ಇವತ್ತು ಈ ಕಾಲು ಮುರೀತಿರಲಿಲ್ಲ."

ಅವರು ಸಹಿ ಹಾಕಿದರು.