ಆ ಶುಕ್ರವಾರದ ಕಿಟಕಿ

"ಅಲ್ಲೇ ಕೂತ್ಕೊಳ್ಳಿ. ಎಡಗಡೆಯ ಮೊದಲನೇ ಕಪ್ಪು ಮನೆ ಒತ್ತಿ ಹಿಡೀರಿ."

ಖಾಲಿ ಚರ್ಚಿನಲ್ಲಿ ಗಂಡು ದನಿ! ಊರ ಶಾಲೆಯ ಟೀಚರು ಸುತ್ತ ತಿರುಗಿ ನೋಡಿದಳು. ಬೆಳಿಗ್ಗೆ ಎಂಟು ಗಂಟೆ. ಬೆಂಚುಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ. ದನಿ ಬಂದದ್ದು ದೊಡ್ಡ ಪೈಪ್ ಆರ್ಗನ್ನಿನ ಹೊಟ್ಟೆಯೊಳಗಿಂದ.

ಅವಳ ಅಪ್ಪ ಆ ಚರ್ಚಿನ ಪಾದ್ರಿ. ಆರ್ಗನ್ನಿನ ಶ್ರುತಿ ಸರಿಮಾಡುವವನು ಬರುತ್ತಾನೆ, ಹೋಗಿ ಸ್ವಲ್ಪ ನೆರವಾಗು ಎಂದಷ್ಟೇ ಹೇಳಿ ಕಳಿಸಿದ್ದರು. ಅವನು ಒಳಗೆ ಕೊಳವೆಗಳ ನಡುವೆ ನುಸುಳಿ ಕೂತಿರುತ್ತಾನೆ, ಹೊರಗೆ ಕೂತವರು ಒಂದೊಂದೇ ಸ್ವರದ ಮನೆ ಒತ್ತಿ ನಾದ ಹಿಡಿಯಬೇಕು ಎಂದು ಹೇಳಿರಲಿಲ್ಲ.

"ಒತ್ತಿದ್ರಾ, ಇಲ್ಲಾ ಓಡಿಹೋದ್ರಾ?"

"ಒತ್ತಿದೀನಿ. ಮೊದಲು ನೀವ್ಯಾರು ಅಂತ ಹೇಳಿ."

"ಇಲಿ ಅಲ್ಲ. ಸದ್ಯಕ್ಕೆ ಅಷ್ಟು ಸಾಕಾ?"

ಅವಳಿಗೆ ನಗು ಉಕ್ಕಿ ಬಂತು. ನಗುವಾಗ ಬೆರಳು ಜಾರಿತು. ಒಳಗಿನಿಂದ ಗದರಿಕೆ ಬಂತು.

ಶಾಲೆಗೆ ರಜೆ. ಹತ್ತು ದಿನ ಅದೇ ಕೆಲಸ. ನಡುವೆ ಮರದ ಹಲಗೆ; ಮುಖ ಕಾಣದೆ ಮಾತು ಬೆಳೆಯಿತು. ಮಧ್ಯಾಹ್ನ ಅವನು ಹೊರಗೆ ಬಂದಾಗ ರೆಪ್ಪೆಗಳ ಮೇಲೆ ದೂಳು ಕೂತಿರುತ್ತಿತ್ತು. ಒರೆಸಲು ಅವಳ ಕೈ ತವಕಿಸುತ್ತಿತ್ತು... ಥೂ, ನನಗೇನಾಗಿದೆ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಐದನೆಯ ದಿನ ಅವಳು ಬೈಬಲಿನ ಒಂದು ಕೀರ್ತನೆ ಗುನುಗಿದಳು. ಒಳಗಿನಿಂದ ಅವನೂ ಅದನ್ನೇ ಬೇರೊಂದು ಭಾಷೆಯಲ್ಲಿ, ಅವಳ ಧಾಟಿಯಲ್ಲೇ ಹೇಳಿದ. ಪದ ತಿಳಿಯಲಿಲ್ಲ, ಆದರೆ ಸಾಲುಗಳ ಏರಿಳಿತ ಪರಿಚಿತ. ಇದು ನಮ್ಮ ಕೀರ್ತನೆ, ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು.

"ನಿಮ್ಮದೇ ಇರ್ಲಿ, ಟೀಚರೇ. ನಮ್ಮಜ್ಜಿಗೆ ಮಾತ್ರ ಹಾಗನ್ನಬೇಡಿ. ನಾವು ಯೆಹೂದಿಗಳು, ಅದು ಮೊದಲು ನಮ್ಮದು."

ಅವಳಿಗೆ ಯೆಹೂದಿಗಳೆಂದರೆ ಬೈಬಲಿನೊಳಗಿನ ಜನ. ಅವರಿಗೂ ಅಜ್ಜಿ ಇರುತ್ತಾಳೆ, ಅವರ ರೆಪ್ಪೆಯ ಮೇಲೂ ದೂಳು ಕೂರುತ್ತದೆ ಎಂದು ಯಾರೂ ಕಲಿಸಿರಲಿಲ್ಲ.

ಹತ್ತನೆಯ ದಿನ, ಇನ್ನೊಂದು ಸಾಲು ಕೊಳವೆ ಬಾಕಿ ಇರುವಾಗ, ಅವಳು ಧೈರ್ಯ ಮಾಡಿ ಕರೆದಳು. ಯೇಸು ಸತ್ತ ದಿನದ ಕಥೆಯನ್ನು ನಾಳೆ ಶುಕ್ರವಾರ ತಾನು ಇಡೀ ಸಭೆಯ ಮುಂದೆ ಓದುತ್ತೇನೆ, ತನ್ನ ದನಿ ಅವನು ಕೇಳಬೇಕು ಎಂದಳು. ಒಳಗಿನಿಂದ ಅವನು, ಆಗಲಿ ಎಂದ.

ಆ ಚರ್ಚಿನ ಪದ್ಧತಿ ಹೀಗಿತ್ತು: ಕಥೆಯನ್ನು ಒಬ್ಬರು ಓದಬೇಕು, ಅದರೊಳಗಿನ ಗುಂಪಿನ ಮಾತು ಬಂದಾಗ ಇಡೀ ಸಭೆ ಎದ್ದು ಕೂಗಬೇಕು.

ಬಿಳಿ ಸೀರೆಯುಟ್ಟು ಅವಳು ಓದಿದಳು. "ಯೆಹೂದ್ಯರು" ಎಂಬ ಪದ ಯೇಸುವನ್ನು ಕೊಲ್ಲಿಸಲು ಕೂಗಿದವರ ಹೆಸರಾಗಿ ಬಂತು. ಮತ್ತೆ ಬಂತು. ಮೂರನೆಯ ಸಲ ಕಣ್ಣೆತ್ತಿದಳು. ಕೊನೆಯ ಬೆಂಚಿನಲ್ಲಿ ಅವನು, ಮಡಿಲಲ್ಲಿ ಕೈ ಕಟ್ಟಿಕೊಂಡು...

ಅಯ್ಯೋ, ನಾನೇನು ಓದ್ತಾ ಇದೀನಿ?

ನಿಲ್ಲಿಸಲಾಗಲಿಲ್ಲ. ಹೆದರಿದ ನಾಲಿಗೆ ಅಭ್ಯಾಸದ ಬಲದಿಂದಲೇ ಓಡಿತು. ಸಭೆ ಎದ್ದಿತು. ಮೊನ್ನೆ ಅವನ ಜೊತೆ ಚಹಾ ಕುಡಿದ ದರ್ಜಿಯೂ ಎದ್ದ. ಶಿಲುಬೆಗೇರಿಸಿ ಎಂಬ ಕೂಗಿಗೆ ಗಾಜುಗಳು ಅದುರಿದವು. ಅವಳು ಮತ್ತೆ ನೋಡಿದಾಗ ಕೊನೆಯ ಬೆಂಚು ಖಾಲಿ.

ಬಾಗಿಲಲ್ಲಿ ಅವನನ್ನು ಅವಳ ಸೋದರತ್ತೆ ತಡೆದಿದ್ದಳಂತೆ. ಇನ್ನಾದರೂ ನಿನ್ನ ಮನಸ್ಸು ಕರಗಿತೇನಪ್ಪ, ನಮ್ಮ ಹುಡುಗಿ ಸುಮ್ಮಸುಮ್ಮನೆ ಕರೆದಿಲ್ಲ ಎಂದಿದ್ದಳಂತೆ!

ಸೋಮವಾರ ಬೆಳಿಗ್ಗೆಯೇ ಅವಳು ಅವನ ವರ್ಕ್‌ಶಾಪಿಗೆ ಓಡಿದಳು. ಅವನು ತವರದ ಕೊಳವೆಯೊಂದನ್ನು ಉಜ್ಜುತ್ತಲೇ ಇದ್ದ.

"ಕರೆದದ್ದು ನನ್ನನ್ನಾ, ಇಲ್ಲಾ ಮತಕ್ಕೆ ಸೇರಿಸೋದಕ್ಕೆ ಒಂದು ಆತ್ಮವನ್ನಾ?"

"ನಿಮ್ಮನ್ನೇ. ಅತ್ತೆ ಹೇಳಿದ್ದು ಸುಳ್ಳು. ನಾನು... ನಾನು ಆ ಮಾತುಗಳ ಬಗ್ಗೆ ಯೋಚನೇನೇ ಮಾಡಿರ್ಲಿಲ್ಲ."

"ಅತ್ತೆಗಿಂತ ಅದೇ ಜಾಸ್ತಿ ನೋವು, ಟೀಚರೇ."

ಆಮೇಲೆ ಅಜ್ಜಿಯ ವಿಷಯ ಹೇಳಿದ. ಅಜ್ಜಿ ಹುಡುಗಿಯಾಗಿದ್ದ ಹೊರದೇಶದ ಊರಿನಲ್ಲಿ ಪ್ರತಿ ವರ್ಷ ಆ ಶುಕ್ರವಾರ ಚರ್ಚಿನಿಂದ ಹೊರಬಿದ್ದ ಜನ, ಯೇಸುವನ್ನು ಕೊಂದವರು ನೀವೇ ಎಂದು ಕಲ್ಲು ಹಿಡಿದು ಅವರ ಬೀದಿಗೆ ಬರುತ್ತಿದ್ದರು. ಒಂದು ವರ್ಷ ಅವಳ ತಮ್ಮನ ಕಣ್ಣು ಹೋಯಿತು. ಇಂದಿಗೂ ಆ ದಿನ ಅಜ್ಜಿ ಬೆಳಿಗ್ಗೆಯೇ ಎಲ್ಲ ಕಿಟಕಿ ಮುಚ್ಚಿ ಕೂರುತ್ತಾಳೆ.

ಯೆಹೂದಿ ತಾಯಿ ಹೆತ್ತ, ಯೆಹೂದಿ ಕೀರ್ತನೆಯನ್ನೇ ಬಾಯಲ್ಲಿಟ್ಟುಕೊಂಡು ಸತ್ತ ಮಗನನ್ನು ದೇವರೆಂದರು. ಅವನ ಬಂಧುಬಳಗದ ಮೇಲೆ ಕಲ್ಲು ತೂರಿದರು. ಚಕ್ರವರ್ತಿಯ ಪರವಾಗಿ ಅವನನ್ನು ಕೊಲ್ಲಿಸಿದ ಅಧಿಕಾರಿ ಕೈ ತೊಳೆದುಕೊಂಡು ಪಾರಾದ. ಆ ಕಲ್ಲುಗಳ ಬಗ್ಗೆ ಎಷ್ಟು ಚರ್ಚಿನ ಪೀಠಗಳು ಎಷ್ಟು ಶತಮಾನ ತುಟಿ ಬಿಚ್ಚಲಿಲ್ಲ!

ಅವಳು ಮನೆಗೆ ಬಂದು ಅಪ್ಪನೆದುರು ನಿಂತು ಎಲ್ಲ ಹೇಳಿದಳು. ಬೈಬಲ್ ತಿದ್ದಲು ನಾನ್ಯಾರಮ್ಮ ಎಂದರು ಅಪ್ಪ. ತಿದ್ದುವುದು ಬೇಡ, ಓದುವ ಮುಂಚೆ ನಾಲ್ಕು ಮಾತು ಹೇಳಲು ಬಿಡಿ, ಇಲ್ಲದಿದ್ದರೆ ನಾನಿನ್ನು ಓದುವುದಿಲ್ಲ ಎಂದಳು ಮಗಳು. ಅಪ್ಪ ಕನ್ನಡಕ ತೆಗೆದು ಒರೆಸಿದರು.

"ಮೂವತ್ತು ವರ್ಷ ಯೇಸುವಿನ ತಾಯಿ ಮರಿಯಮ್ಮನ ಬಗ್ಗೆ ಬೋಧನೆ ಮಾಡಿದೀನಿ ಕಣಮ್ಮ. ಅವಳು ಯಾರ ಮನೆ ಮಗಳು ಅಂತ ಒಂದು ಸಲಾನೂ ಹೇಳಿಲ್ಲ."

ವರ್ಷ ಉರುಳಿತು. ಬೇರೆ ಶ್ರುತಿಗಾರನನ್ನು ಕರೆಸಲು ಅವಳು ಬಿಡಲಿಲ್ಲ. ಆ ಒಂದು ಸಾಲು ಕೊಳವೆ ಅಪಸ್ವರ ನುಡಿಯುತ್ತಲೇ ಇತ್ತು. ಸಭೆ ಹಲ್ಲು ಕಚ್ಚಿಕೊಂಡು ಹಾಡಿತು. ಅತ್ತೆ ಮಾತ್ರ, ಪ್ರೀತಿಗೆ ಕಿವಿಯೂ ಇಲ್ಲವೇನೋ ಎಂದು ಕುಟುಕುತ್ತಿದ್ದಳು.

ಮತ್ತೆ ಆ ಶುಕ್ರವಾರ ಬರುವ ಮುನ್ನಾದಿನ, ಅವನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ, ಅವಳು ಅಜ್ಜಿಯ ಮನೆಯ ಬಾಗಿಲು ತಟ್ಟಿದಳು. ತಾನು ಯಾರೆಂದು ಹೇಳಿ, ನಾಳೆ ಸಭೆಯಲ್ಲಿ ಹೇಳಲು ಬರೆದುಕೊಂಡ ಮಾತು ಓದಿ, ತಪ್ಪಿದ್ದರೆ ಹೇಳಿ ಎಂದಳು. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು.

"ತಾಯಿನೇ ಬಿಟ್ಟಿದೀಯಲ್ಲ, ಮಗಳೇ. ಮಗ ಸಾಯೋದನ್ನ ನಿಂತು ನೋಡಿದ ನಮ್ಮ ಹೆಂಗಸು ಅವಳು."

ಅವಳು ಅಲ್ಲೇ ಕೂತು ಇನ್ನೊಂದು ಸಾಲು ಬರೆದಳು.

ಶುಕ್ರವಾರ. ಕೊನೆಯ ಬೆಂಚು ಖಾಲಿ. ಅವನು ಬರುವುದಿಲ್ಲ... ಬಾರದಿದ್ದರೂ ಹೇಳಲೇಬೇಕು. ಅವಳು ಕಾಗದ ಬಿಡಿಸಿ ಓದಿದಳು.

"ಈ ಕಥೆಯಲ್ಲಿ ಸತ್ತವನು ಯೆಹೂದಿ. ಅವನಿಗಾಗಿ ಅತ್ತವರೂ ಯೆಹೂದಿಗಳು. ಮೊಳೆ ಹೊಡೆದದ್ದು ಚಕ್ರವರ್ತಿಯ ಸೈನಿಕರು. ಈ ಕಥೆ ಕೇಳಿ ಎದ್ದುಹೋಗಿ ನಮ್ಮ ಜನ ಹೊಡೆದ ಕಲ್ಲುಗಳು, ಅವನ ತಾಯಿಯ ಕಿಟಕಿಗೇ ಬಿದ್ದವು."

ಗುಂಪಿನ ಮಾತು ಬಂತು. ಕೆಲವರು ಅಭ್ಯಾಸದಂತೆ ಎದ್ದರು. ದರ್ಜಿ ಏಳಲಿಲ್ಲ. ಅಪ್ಪ ಮೊಣಕಾಲೂರಿದರು. ಅತ್ತೆ ಸೆರಗು ಕೊಡವಿ ಹೊರಗೆ ನಡೆದಳು. ಕೂಗು ಅರ್ಧಕ್ಕೇ ಸೊರಗಿಹೋಯಿತು.

ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ಮೊದಲ ಬೆಂಚಿನಲ್ಲಿ ಕುಸಿದಳು. ತಡೆದಿದ್ದ ಅಳು ಈಗ ಬಂತು.

"ಟೀಚರೇ, ಬಲಗಡೆಯ ಕೊನೇ ಬಿಳಿ ಮನೆ ಒತ್ತಿ. ಒಂದು ವರ್ಷದಿಂದ ಊರಿನ ಕಿವಿ ಕೆಡಿಸಿದೀರಂತೆ."

ಆರ್ಗನ್ನಿನ ಹೊಟ್ಟೆಯೊಳಗಿಂದ! ಮುಂಜಾನೆಯೇ ಅಪ್ಪ ಪಕ್ಕದ ಬಾಗಿಲು ತೆಗೆದುಕೊಟ್ಟಿದ್ದರಂತೆ. ಪ್ರತಿ ಮಾತನ್ನೂ ಅವನು ಕೊಳವೆಗಳ ನಡುವೆ ಕೂತು ಕೇಳಿದ್ದ. ಹೊರಗೆ ಬಂದ. ರೆಪ್ಪೆಗಳ ಮೇಲೆ ಅದೇ ದೂಳು. ಈ ಸಲ ಅವಳು ಸೆರಗಿನ ತುದಿಯಿಂದ ಒರೆಸಿಯೇ ಬಿಟ್ಟಳು.

"ನಿಮ್ಮ ದೇವರು ನಿಮಗೆ, ನಮ್ಮ ಪ್ರಾರ್ಥನೆ ನಮಗೆ ಇರ್ಲಿ," ಎಂದ ಅವನು. "ನನಗೆ ನೀನು ಬೇಕು."

ಅವಳು ಮೆಲ್ಲಗೆ ಕೇಳಿದಳು.

"ಅಜ್ಜಿ ಇವತ್ತೂ ಕಿಟಕಿ ಮುಚ್ಕೊಂಡಿದಾರಾ?"

"ಬೀದಿ ಕಡೆಯದು ಅರ್ಧ ತೆಗೆದಿದಾರೆ."

"ಇನ್ನರ್ಧ?"

"ನಿನ್ನೆ ಬಂದಿದ್ದ ಹುಡುಗೀನ ಕರ್ಕೊಂಡು ಬಾ, ಅವಳ ಕೈಯಲ್ಲೇ ತೆಗೆಸ್ತೀನಿ ಅಂದ್ರು."